ಸಹಾಯ ಬೇಕು: ತಮ್ಮನ ಸೆವೆರೆನ್ಸ್ ಹಣ ಮತ್ತು ವಿಎ ಪರಿಹಾರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ಸೈನ್ಯದಲ್ಲಿದ್ದ. 2011ರಲ್ಲಿ ಅಫ್ಘಾನಿಸ್ತಾನದಲ್ಲಿ ಬೆನ್ನಿಗೆ ಪೆಟ್ಟಾಯಿತು. ಶೇಕಡಾ 20 ಅಂಗವೈಕಲ್ಯ ಅಂತ ಬರೆದು, ಒಂದೇ ಸಲಕ್ಕೆ ಸೆವೆರೆನ್ಸ್ ಹಣ ಕೊಟ್ಟು ಕಳಿಸಿದರು. ಶೇಕಡಾ 30 ಆಗಿದ್ದರೆ ಪಿಂಚಣಿಯೇ ಸಿಗುತ್ತಿತ್ತು.

ಈಗ ಅದೇ ಬೆನ್ನಿನ ಗಾಯಕ್ಕೆ ವಿಎಯಿಂದ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಬರಬೇಕಾದ ತಿಂಗಳ ಪರಿಹಾರವನ್ನು, ಆ ಸೆವೆರೆನ್ಸ್ ಹಣ ವಸೂಲಾಗುವವರೆಗೆ ಹಿಡಿದುಕೊಳ್ಳುತ್ತಾರಂತೆ. ಸಾಮಾನ್ಯ ನಿಯಮ ಅದೇ, ಒಪ್ಪುತ್ತೇನೆ. ಆದರೆ 2008ರ ಜನವರಿ 28ರ ನಂತರ ಬಿಡುಗಡೆಯಾದವರಿಗೆ, ಯುದ್ಧವಲಯದಲ್ಲಿ ಆದ ಗಾಯವಾದರೆ ವಸೂಲಿ ಇಲ್ಲ ಅಲ್ವಾ? ಅವನ ಡಿಡಿ-214ರಲ್ಲಿ (ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಪತ್ರ) ಮಾತ್ರ ಯುದ್ಧವಲಯದ ಮಾತೇ ಇಲ್ಲ!

ಡಿಡಿ-149 ಅರ್ಜಿ ಹಾಕಿ ದಾಖಲೆ ತಿದ್ದಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಜೊತೆಗೆ ಯಾವ ಕಾಗದ ಕೊಟ್ಟಿರಿ? ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಅವನಿಗೆ ಜಾಸ್ತಿ ಹೊತ್ತು ನಿಂತು ಕೆಲಸ ಮಾಡಲು ಆಗುತ್ತಿಲ್ಲ. ದಯವಿಟ್ಟು ತಿಳಿಸಿ.