ಅಪ್‌ಡೇಟ್: ಬಿಸಿಲಲ್ಲಿ ಇಂಟರ್‌ವ್ಯೂಗೆ ಕೊನೆಗೂ ಏನ್ ಹಾಕೊಂಡ್ ಹೋದೆ ಅಂದ್ರೆ

ಹೋದ್ ವಾರ ಕೇಳಿದ್ನಲ್ಲ, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಂಟರ್‌ವ್ಯೂ, ಏಪ್ರಿಲ್ ಬಿಸಿಲು ಬೇರೆ, ಅಣ್ಣನ ಮದುವೆಗೆ ಹೊಲಿಸಿದ್ ಕೋಟ್ ಹಾಕ್ಲಾ ಅಂತ, ಹಾಕ್ಲಿಲ್ಲ. ಬಿಳಿ ಕಾಟನ್ ಫುಲ್ ಶರ್ಟು, ಕಪ್ಪು ಪ್ಯಾಂಟು, ಒಳಗೆ ಬನಿಯನ್. ಬನಿಯನ್ ಹಾಕಿದ್ರೆ ಇನ್ನೂ ಸೆಕೆ ಅನ್ಕೊಂಡಿದ್ದೆ, ಆದ್ರೆ ಬೆವರೆಲ್ಲ ಅದೇ ಹೀರ್ಕೊಳ್ತು, ಶರ್ಟಿಗೆ ಕಲೆನೇ ಬರ್ಲಿಲ್ಲ. ಆವಾಗ ತಿಳಿ ನೀಲಿ ಶರ್ಟ್ ಬೇಡ ಅಂದಿದ್ರಲ್ಲ ಒಬ್ರು, ಕೋಲಾರದಿಂದ ಬಸ್ಸಲ್ಲಿ ಮುಂದೆ ತಿಳಿ ನೀಲಿ ಶರ್ಟಲ್ಲಿ ನಿಂತಿದ್ದವನ ಬೆನ್ನ ಮೇಲಿನ ಬೆವರಿನ ಕಲೆ ನೋಡೇ ಯಾಕೆ ಅಂತ ಗೊತ್ತಾಯ್ತು ಪಾಪ.

ಬಸ್ಸಲ್ಲಿ ಟೀ ಶರ್ಟಲ್ಲೇ ಹೋಗಿ, ಇಳಿದ್ಮೇಲೆ ಹೈವೇ ಪಕ್ಕ ಹೋಟೆಲಲ್ಲಿ ಕಾಫಿ ಕುಡ್ದು ಅಲ್ಲೇ ಬಾತ್‌ರೂಮಲ್ಲಿ ಶರ್ಟ್ ಬದಲಾಯಿಸ್ದೆ, ಐಡಿಯಾ ಸೂಪರ್, ಆದ್ರೆ ಬ್ಯಾಗಲ್ಲಿ ಮಡಚಿಟ್ಟು ಇಸ್ತ್ರಿ ಎಲ್ಲಾ ಹಾಳು, ಕಾಟನ್ ಅಲ್ವಾ. ನೀರು ಮುಟ್ಸಿ ಕೈಯಲ್ಲೇ ಉಜ್ಜಿದೆ, ಅಷ್ಟೋ ಇಷ್ಟೋ ಸರಿಹೋಯ್ತು.

ಒಳಗೆ ಹೋದ್ರೆ ಏಸಿ, ನಡುಗ್ತಾ ಕೂತಿದ್ದೆ! ಕೇಳೋಕ್ ಕೂತಿದ್ ಇಬ್ರೂ ಹಾಫ್ ಕೈ ಶರ್ಟಲ್ಲಿದ್ರು, ಕೋಟ್ ಹಾಕಿದ್ರೆ ಮದುವೆ ಗಂಡೇ ಆಗ್ತಿದ್ದೆ.

ಸೋಮವಾರ ಎರಡನೇ ರೌಂಡ್ ಅಂತೆ. ಶರ್ಟ್ ಇದೇನೇ, ಅಮ್ಮ ಆಗ್ಲೇ ಒಗ್ದು ಗಂಜಿ ಹಾಕವ್ರೆ.