ಕಿಲೋಮೀಟರಿಗೆ ಮೂರು ಲೀಟರ್

"ಶರ್ಮನ್ ಎಂ4ಎ3, ತೂಕ 30 ಟನ್ ಮೇಲೆ, ಫೋರ್ಡ್ ವಿ8 ಇಂಜಿನ್, 500 ಹಾರ್ಸ್‌ಪವರ್, 75 ಎಂಎಂ ಗನ್ನು, ಒಳಗೆ 5 ಜನ" ಅಂತ ನಾಣಿ ಮೊಬೈಲ್ ನೋಡ್ಕೊಂಡು ಒದರ್ತಾ ಇದ್ದ. ಹೋದ ತಿಂಗಳು ಫೋನು, ಅದಕ್ಕೂ ಮುಂಚೆ ಕಾರು, ಈಗ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕು. ತಗೊಳ್ಳೋದು ಒಂದೂ ಇಲ್ಲ, ಸ್ಪೆಸಿಫಿಕೇಶನ್ ಮಾತ್ರ ಬಾಯಿಪಾಠ.

"ಮೈಲೇಜು?" ಅಂದ ಸೀನು.

"636 ಲೀಟರ್ ಪೆಟ್ರೋಲ್ ಹಿಡಿಯುತ್ತೆ, ರಸ್ತೆ ಮೇಲೆ 210 ಕಿಲೋಮೀಟರ್."

ವಿಶ್ವ ಕಾಫಿ ಲೋಟ ಕೆಳಗಿಟ್ಟ. "ಅಂದ್ರೆ ಕಿಲೋಮೀಟರಿಗೆ ಮೂರು ಲೀಟರ್. ಇದಕ್ಕೆ ಎಷ್ಟು ಕೊಡುತ್ತೆ ಅಂತ ಕೇಳಬಾರ್ದು ಕಣೋ, ಎಷ್ಟು ಕುಡಿಯುತ್ತೆ ಅಂತ ಕೇಳ್ಬೇಕು."

"ಇಂಜಿನ್ ಚಾಯ್ಸ್ ಇದೆ ಗುರು, ಎಂ4ಎ4 ತಗೊಂಡ್ರೆ ಕ್ರೈಸ್ಲರ್ ಕಂಪನಿದು, 30 ಸಿಲಿಂಡರ್!"

"ಟ್ಯಾಂಕಿಗೆ ಇಂಜಿನ್ ಸಾಲ್ತಿರ್ಲಿಲ್ಲ ಅಂತ 6 ಸಿಲಿಂಡರಿನ ಕಾರ್ ಇಂಜಿನ್ ಐದನ್ನ ಸುತ್ತ ಜೋಡಿಸಿ ಕಟ್ಟಿದ್ದು ಅದು. ಐದು ಜನ ಅಣ್ಣತಮ್ಮಂದಿರ ಅವಿಭಕ್ತ ಕುಟುಂಬ, ಅವರಿಗೆ ಮನೆ ಸಾಕಾಗ್ಲಿಲ್ಲ ಅಂತ ಟ್ಯಾಂಕಿನ ಬಾಡಿನೇ ಉದ್ದ ಮಾಡ್ಬೇಕಾಯ್ತು. ಅಮೆರಿಕದವರು ಅದನ್ನ ಹೆಚ್ಚಾಗಿ ಬ್ರಿಟಿಷರಿಗೆ ದಾಟಿಸಿದ್ರು, ಬುದ್ಧಿವಂತರು."

ಸೀನುಗೆ ಅಷ್ಟು ಹೊತ್ತಿಗೆ ಆಸೆ ಹುಟ್ಟಿಬಿಟ್ಟಿತ್ತು. "ಫ್ಯಾಮಿಲಿಗೆ ಆಗೋ ಥರದ್ದು ಇಲ್ವಾ?"

"ಎಂ3 ಹಾಫ್‌ಟ್ರ್ಯಾಕ್! ಮುಂದೆ ಟೈರು, ಹಿಂದೆ ರಬ್ಬರ್ ಪಟ್ಟಿ, ಅದರೊಳಗೆ ಉಕ್ಕಿನ ಹಗ್ಗ ಇರುತ್ತೆ. 13 ಜನ, 72 ಕಿಲೋಮೀಟರ್ ಸ್ಪೀಡು, ಬಂಪರ್ ಮುಂದೆ ಒಂದು ದಪ್ಪ ಉರುಳೆ, ಹಳ್ಳದಲ್ಲಿ ಮೂಗು ಸಿಕ್ಕಿಕೊಂಡ್ರೆ ಉರುಳ್ಕೊಂಡು ಮೇಲೆ ಬರ್ಲಿ ಅಂತ."

"ಸನ್‌ರೂಫ್?"

"ರೂಫೇ ಇಲ್ಲ."

"ಮೇಲಿಂದ ಗುಂಡು ಬಿದ್ರೆ ಏನ್ರೋ ಗತಿ?" ಅಂದ್ರು ರಾಯರು.

"ಪಕ್ಕದಿಂದ ಬಿದ್ರೂ ಕಷ್ಟವೇ ರಾಯರೇ, ಪಕ್ಕದ ತಗಡು 6 ಮಿಲಿಮೀಟರ್ ಚಿಲ್ಲರೆ" ಅಂದ ವಿಶ್ವ. "ಯುದ್ಧದಲ್ಲಿ ಗಾಯ ಆದವ್ರಿಗೆ ಅಲ್ಲಿ ಪರ್ಪಲ್ ಹಾರ್ಟ್ ಅಂತ ಮೆಡಲ್ ಕೊಡ್ತಾರೆ, ಸೈನಿಕರು ಈ ಗಾಡಿಗೇ ಪರ್ಪಲ್ ಹಾರ್ಟ್ ಬಾಕ್ಸ್ ಅಂತ ಹೆಸರಿಟ್ಟಿದ್ರು. ಹತ್ತಿದ್ರೆ ಮೆಡಲ್ ಗ್ಯಾರಂಟಿ. ನಾಣಿ, ನಿನ್ನ ಲಿಸ್ಟಲ್ಲಿ ಇದು ಸೇಫ್ಟಿ ಫೀಚರಲ್ಲಿ ಬರುತ್ತಾ?"

ನಾಣಿ ಸೋಲೊಪ್ಪೋ ಆಸಾಮಿ ಅಲ್ಲ. "ಬಿಡು, ಎಂ5 ಸ್ಟುವರ್ಟ್ ತಗೊ. ಲೈಟ್ ಟ್ಯಾಂಕು, 37 ಎಂಎಂ ಗನ್ನು, ಕ್ಯಾಡಿಲಾಕ್ ವಿ8 ಇಂಜಿನ್ ಎರಡೆರಡು, ಅದೂ ಆಟೋಮ್ಯಾಟಿಕ್ ಗೇರು!"

"ಕ್ಯಾಡಿಲಾಕಾ?" ಸೀನು ನೆಟ್ಟಗೆ ಕೂತ.

"ಸ್ಟುವರ್ಟಾ?" ಅಂದ್ರು ರಾಯರು, ಅವರ ದನಿ ಬೇರೆ ಆಗಿತ್ತು. "ಅದನ್ನೇ ಅಲ್ವೇನ್ರೋ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 48ರ ಕಾಶ್ಮೀರ ಯುದ್ಧದಲ್ಲಿ ಜೋಜಿಲಾ ಕಣಿವೆ ಹತ್ತಿಸಿದ್ದು?"

"ಅದೇ" ಅಂದ ವಿಶ್ವ. "ಶತ್ರುಗಳಿಗೆ ಸುಳಿವು ಸಿಗದೇ ಇರ್ಲಿ ಅಂತ ಟರೆಟ್ಟು, ಅಂದ್ರೆ ಮೇಲೆ ತಿರುಗೋ ಗನ್ನಿನ ಗೂಡು, ಬಿಚ್ಚಿ, ಟಾರ್ಪಾಲ್ ಹೊದಿಸಿ, ಜಮ್ಮುವಿನಿಂದ ತಂದ್ರು. ಹೇಸರಗತ್ತೆ ಓಡಾಡೋ ಹಾದಿನ ಸೈನ್ಯದ ಇಂಜಿನಿಯರುಗಳು, ಮದ್ರಾಸ್ ಸ್ಯಾಪರ್ಸ್, ಅಗಲ ಮಾಡಿದ್ರು, ಈ ಹಲಸೂರು ಕೆರೆ ಪಕ್ಕ ಇದಾರಲ್ಲ ಅವರೇ. ನವೆಂಬರ್ 1ನೇ ತಾರೀಖು, ಹಿಮ, 3,500 ಮೀಟರ್ ಎತ್ತರ. ಅಷ್ಟು ಮೇಲೆ ಟ್ಯಾಂಕ್ ಬರುತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಎಲ್ಲಪ್ಪಾ ನಾಣಿ, ಟಾಪ್ ಸ್ಪೀಡ್ 58 ಅಂತ ಬರ್ದಿದೆಯಲ್ಲ, ಅವತ್ತು ಆ ಹಾದೀಲಿ ಎಷ್ಟಿತ್ತು ಹುಡುಕು."

ನಾಣಿ ಸ್ಕ್ರೀನ್ ಉಜ್ಜಿದ. "ಎತ್ತರ ಅಂತ ಒಂದು ಕಾಲಂ ಇದೆ. ಅದು ಟ್ಯಾಂಕಿಂದು."

"ಜನರಲ್ಲು ಮುಂದಿನ ಟ್ಯಾಂಕಲ್ಲೇ ಕೂತು ಹೋದ್ರಂತೆ ಕಣ್ರೋ" ಅಂದ ರಾಯರು ಆಮೇಲೆ ಮಾತಾಡ್ಲಿಲ್ಲ, ನಾವೂ ಸ್ವಲ್ಪ ಹೊತ್ತು ಸುಮ್ನೆ ಕೂತ್ವಿ.

ತಡ್ಕೊಳ್ಳೋಕೆ ಆಗ್ದೇ ಇದ್ದಿದ್ದು ಸೀನುಗೆ. "ತಿಮ್ಮಯ್ಯನವರು ಒಳ್ಳೇ ಎತ್ತರದ ಆಳು ಅಲ್ವಾ... ಅದ್ರಲ್ಲಿ ಲೆಗ್‌ರೂಮ್ ಎಷ್ಟಪ್ಪಾ?"

ನಾಣಿ ಆಗ್ಲೇ ಹುಡುಕ್ತಾ ಇದ್ದ.