ಸಹಾಯ ಬೇಕು: ಮರದ ಮುಚ್ಚಿಗೆ ದಾಟಿಸಿ ಒಲೆ ಪೈಪ್ ಹಾಕೋದು ಹೇಗೆ?

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ಮನೆ. ಬಚ್ಚಲ ಹಂಡೆ ಒಲೆಗೆ 6 ಇಂಚಿನ ಕಬ್ಬಿಣದ ಹೊಗೆ ಪೈಪ್ ಹಾಕಬೇಕು. ಮೇಲೆ ಹಲಸಿನ ಹಲಗೆಯ ಮುಚ್ಚಿಗೆ, ಅದರ ಮೇಲೆ ಹೆಂಚು. ಮೊದಲು ಗೋಡೆಯಿಂದ ಅಡ್ಡಕ್ಕೆ ಬಿಟ್ಟು ನೋಡಿದೆ. ಗಾಳಿಮಳೆ ಬಂದರೆ ಹೊಗೆ ವಾಪಸ್ ಒಳಗೇ! ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ ನೀರು ಕಾಸುತ್ತಾರೆ.

ವೆಲ್ಡಿಂಗ್‌ನವರು ಪೈಪಿನಷ್ಟೇ ತೂತು ಕೊರೆದು ಸುತ್ತ ಸಿಮೆಂಟ್ ಮೆತ್ತಿದರೆ ಸಾಕು ಅಂದರು. ನನಗೆ ಧೈರ್ಯ ಬರಲಿಲ್ಲ. ಒಣಗಿದ ಹಲಗೆ ಅಲ್ವಾ? ಒಂದೇ ಪದರದ ಪೈಪ್ ಮರದಿಂದ 18 ಇಂಚು ದೂರ ಇರಬೇಕಂತೆ. ಅಷ್ಟು ಕೊರೆದರೆ ತೊಲೆಯೇ ಅಡ್ಡ ಬರುತ್ತದೆ. ನಡುವೆ ಶಾಖ ತಡೆಯುವ ವಸ್ತು ತುಂಬಿ ಬರುವ ಕಂಪನಿಯ ಎರಡು ಪದರದ ಚಿಮಣಿ ಪೈಪಿಗೆ 2 ಇಂಚು ಖಾಲಿ ಜಾಗ ಸಾಕಂತೆ. ಇಲ್ಲೇ ವೆಲ್ಡಿಂಗ್ ಮಾಡಿಸಿ ನಡುವೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲಿನ ನಾರು) ತುಂಬಿದರೂ ಅದೇ ಲೆಕ್ಕ ನಡೆಯುತ್ತಾ? ಮುಚ್ಚಿಗೆ ಮನೆಯಲ್ಲಿ ಹೀಗೆ ಹಾಕಿಸಿದವರು ಎಷ್ಟು ಜಾಗ ಬಿಟ್ಟಿರಿ?